ಸ್ತನ ಕ್ಯಾನ್ಸರ್ ಗಡ್ಡೆಯ ಜೀನ್ ಪರೀಕ್ಷೆ: ತುಣುಕು ತೆಗೆಸುವುದರಿಂದ ವರದಿ ಓದುವವರೆಗೆ

ಗದಗ, ರೋಣ, ಹಾವೇರಿ, ಹಾನಗಲ್ಲ ಕಡೆಯಿಂದ ಹುಬ್ಬಳ್ಳಿಗೆ ಬರುವ ಸ್ತನ ಕ್ಯಾನ್ಸರ್ ರೋಗಿಗಳ ಫೈಲು ಸಾಮಾನ್ಯವಾಗಿ ದಪ್ಪಗಿರುತ್ತದೆ. ಮ್ಯಾಮೊಗ್ರಾಂ, ಸಿ.ಟಿ. ಸ್ಕ್ಯಾನಿನ ಫಿಲ್ಮು, ಎರಡು ಮೂರು ಕಡೆ ಮಾಡಿಸಿದ ರಕ್ತಪರೀಕ್ಷೆಯ ಚೀಟಿಗಳು, ಔಷಧ ಅಂಗಡಿಯ ಬಿಲ್ಲು ಎಲ್ಲವೂ ಅದರಲ್ಲಿರುತ್ತವೆ. ಆ ಗಡ್ಡೆಯನ್ನು ಬೆಳೆಸುತ್ತಿರುವ ಜೀನ್ ಯಾವುದು ಎಂದು ಹೇಳುವ ಹಾಳೆ ಮಾತ್ರ ಇರುವುದಿಲ್ಲ, ಇದ್ದರೂ ಅರ್ಧಕ್ಕೆ ನಿಂತಿರುತ್ತದೆ. ಹಾರ್ಮೋನ್ ಮಾತ್ರೆ ಕೊಡಬೇಕೋ, ಟ್ರಾಸ್ಟುಜುಮ್ಯಾಬ್ ಚುಚ್ಚುಮದ್ದು ಕೊಡಬೇಕೋ, ಬರೀ ಕೀಮೊಥೆರಪಿ ಕೊಡಬೇಕೋ ಎಂಬುದನ್ನು ಕ್ಯಾನ್ಸರ್ ತಜ್ಞರು ನಿರ್ಧರಿಸುವುದು ಆ ಹಾಳೆಯನ್ನು ನೋಡಿ. ರೋಗಶಾಸ್ತ್ರ ಪ್ರಯೋಗಾಲಯದಲ್ಲಿ ಕುಳಿತು ಹಾಳಾದ ತುಣುಕುಗಳನ್ನೂ ಅರ್ಧ ವರದಿಗಳನ್ನೂ ನೋಡುತ್ತ ಬಂದಿರುವುದರಿಂದ, ಅದನ್ನು ಸರಿಯಾಗಿ ಪಡೆಯುವ ಕ್ರಮವನ್ನು ರೋಗಿಯ ಮನೆಯವರಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. “ನಮ್ಮ ಮನಿತನದಾಗ ಯಾರಿಗೂ ಇಲ್ರಿ, ಜೀನ್ ಟೆಸ್ಟ್ ಯಾಕ ಬೇಕ್ರಿ” ಎಂದು ಬಹಳ ಜನ ಕೇಳುತ್ತಾರೆ. ತಂದೆ ಅಥವಾ ತಾಯಿಯಿಂದ ಹುಟ್ಟುವಾಗಲೇ ಬಂದ ಜೀನ್ ದೋಷದಿಂದ ಆಗುವ ಸ್ತನ ಕ್ಯಾನ್ಸರ್ ನೂರಕ್ಕೆ ಸುಮಾರು 5ರಿಂದ 10 ಮಾತ್ರ. ಉಳಿದವರಲ್ಲಿ ಜೀನ್ ಕೆಟ್ಟಿರುವುದು ಸ್ತನದ ಒಂದು ಜೀವಕೋಶದಲ್ಲಿ, ಬದುಕಿನ ನಡುವೆ. ಅದು ಆ ಗಡ್ಡೆಯಲ್ಲಿ ಮಾತ್ರ ಇರುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ಆದ್ದರಿಂದ ಎರಡು ಬೇರೆ ಬೇರೆ ಪರೀಕ್ಷೆಗಳಿವೆ: ಗಡ್ಡೆಯ ತುಣುಕಿನ ಮೇಲೆ ಮಾಡುವುದು ಒಂದು, ರಕ್ತದ ಮೇಲೆ ಮಾಡುವುದು ಇನ್ನೊಂದು. ಮೊದಲನೆಯದು ಪ್ರತಿಯೊಬ್ಬ ರೋಗಿಗೂ ಬೇಕು.

ಹೆಜ್ಜೆ 1: ಸರಿಯಾದ ತುಣುಕು

ಸಣ್ಣ ಸೂಜಿಯಿಂದ ಒಂದಿಷ್ಟು ಜೀವಕೋಶಗಳನ್ನು ಹೀರಿ ನೋಡುವ ಎಫ್‌ಎನ್‌ಎಸಿ ಪರೀಕ್ಷೆಗೆ ತೃಪ್ತರಾಗಬೇಡಿ. ಗಡ್ಡೆಯಿಂದ ಎಳೆಯಂತಹ ತುಣುಕುಗಳನ್ನು ತೆಗೆಯುವ ಟ್ರೂಕಟ್ ಬಯಾಪ್ಸಿಯನ್ನೇ ಮಾಡಿಸಿ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. “ಸಣ್ಣ ಗಂಟು, ಇಲ್ಲೇ ತೆಗೆದುಬಿಡೋಣ” ಎಂದು ಯಾರಾದರೂ ಬಯಾಪ್ಸಿ ಇಲ್ಲದೆ ಕತ್ತರಿಸಲು ಹೊರಟರೆ ಒಪ್ಪಬೇಡಿ.

ಹೆಜ್ಜೆ 2: ಬಾಟಲಿಯೊಳಗಿನ ದ್ರವ

ಎಲ್ಲಕ್ಕಿಂತ ಹೆಚ್ಚು ಕೆಡುವುದು ಇಲ್ಲಿ. ದೇಹದಿಂದ ಹೊರಬಂದ ತುಣುಕಿಗೆ ರಕ್ತ ಸಿಗುವುದು ನಿಂತ ಕ್ಷಣದಿಂದ ಅದರೊಳಗಿನ ಪ್ರೋಟೀನು, ಡಿಎನ್ಎ, ಆರ್‌ಎನ್ಎ ಕೆಡಲು ಶುರುವಾಗುತ್ತವೆ. ಅದನ್ನು ಒಂದು ಗಂಟೆಯೊಳಗೆ ಶೇ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು, ಕನಿಷ್ಠ 6 ಗಂಟೆ ಇಡಬೇಕು, 72 ಗಂಟೆ ಮೀರಬಾರದು. ದ್ರವದ ಪ್ರಮಾಣ ತುಣುಕಿನ ಹತ್ತು ಪಟ್ಟಾದರೂ ಇರಲಿ. ಸಲೈನಿನಲ್ಲಿ ಹಾಕಿ ಕಳಿಸಿದ ತುಣುಕು ಕೊಳೆಯುತ್ತದೆ, ಸ್ಪಿರಿಟ್ಟಿನಲ್ಲಿ ಹಾಕಿದ್ದು ಮುಂದಿನ ಪರೀಕ್ಷೆಗಳಲ್ಲಿ ನಂಬಲಾಗದ ಫಲ ಕೊಡುತ್ತದೆ. ಇಂತಹ ತುಣುಕಿನಲ್ಲಿ ‘ಕ್ಯಾನ್ಸರ್ ಇದೆ’ ಎಂದಷ್ಟೇ ಒಮ್ಮೊಮ್ಮೆ ಹೇಳಬಹುದು. ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನು, ಅಂದರೆ ಹಾರ್ಮೋನ್ ಗ್ರಾಹಕ, ಇದ್ದೂ ಇಲ್ಲವೆಂದು ವರದಿ ಬಂದುಬಿಟ್ಟರೆ ವರ್ಷಗಟ್ಟಲೆ ನುಂಗಬೇಕಾದ ಮಾತ್ರೆ ರೋಗಿಗೆ ಸಿಗುವುದೇ ಇಲ್ಲ.

ಇಡೀ ಸ್ತನವನ್ನು ತೆಗೆದಾಗ ಇನ್ನೊಂದು ತೊಡಕಿದೆ. ಫಾರ್ಮಲಿನ್ ಮಾಂಸದೊಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಲೆಕ್ಕದಲ್ಲಿ. ಇಡಿಯಾಗಿ ಬಕೆಟ್ಟಿಗೆ ಹಾಕಿ ಮುಚ್ಚಿಟ್ಟರೆ ಹೊರಗಿನ ಪದರ ಗಟ್ಟಿಯಾಗಿ, ನಡುವಿನ ಗಡ್ಡೆ ಹಸಿಯಾಗಿಯೇ ಉಳಿಯುತ್ತದೆ. ಅದನ್ನು ಅಂದೇ ಪ್ರಯೋಗಾಲಯಕ್ಕೆ ತಲುಪಿಸಿ, ಪೆಥಾಲಜಿಸ್ಟ್ ಕೈಯಿಂದ ಹೋಳು ಮಾಡಿಸಿ ದ್ರವದಲ್ಲಿ ಇಡಿಸುವ ಏರ್ಪಾಟು ಶಸ್ತ್ರಚಿಕಿತ್ಸೆಗೆ ಮೊದಲೇ ಆಗಿರಬೇಕು. ಶನಿವಾರ ಸಂಜೆಯ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಭಾನುವಾರ ಪ್ರಯೋಗಾಲಯದಲ್ಲಿ ಯಾರಿರುತ್ತಾರೆ ಎಂದು ಕೇಳಿ. ನನ್ನನ್ನು ಕೇಳಿದರೆ ವಾರದ ನಡುವಿನ ದಿನವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ತಾಲ್ಲೂಕಿನ ಆಸ್ಪತ್ರೆಯಿಂದ ತುಣುಕನ್ನು ಮನೆಯವರೇ ಬಸ್ಸಿನಲ್ಲಿ ತರುವುದು ನಮ್ಮ ಕಡೆ ಸಾಮಾನ್ಯ. ಬಾಟಲಿ ಅಗಲ ಬಾಯಿಯದ್ದಾಗಿರಲಿ. ಟಾನಿಕ್ಕಿನ ಕಿರಿಬಾಯಿ ಬಾಟಲಿಗೆ ಮೆತ್ತಗಿದ್ದಾಗ ತುರುಕಿದ ಮಾಂಸ ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ, ಬಾಟಲಿಯನ್ನೇ ಒಡೆಯಬೇಕಾಗುತ್ತದೆ. ಹೆಸರು, ಬಲವೋ ಎಡವೋ, ತುಣುಕು ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ ಇಷ್ಟನ್ನೂ ಬಾಟಲಿಯ ಮೈಮೇಲೆ ಬರೆಸಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾದಾಗ ರೋಗಿಯೂ ಅದಲುಬದಲಾಗುತ್ತಾರೆ. ಐಸ್ ಪೆಟ್ಟಿಗೆಯ ಅಗತ್ಯವಿಲ್ಲ.

ಹೆಜ್ಜೆ 3: ವರದಿಯ ಮೊದಲ ಪುಟ

ಇಲ್ಲಿ ಗಡ್ಡೆಯ ಬಗೆ ಮತ್ತು ಗ್ರೇಡ್ ಇರುತ್ತವೆ. ಗ್ರೇಡ್ 3 ಎಂದರೆ ಮೂರನೆಯ ಹಂತ ಎಂದು ಅಳುವವರಿದ್ದಾರೆ. ಜೀವಕೋಶಗಳ ರೂಪ ಎಷ್ಟು ಕೆಟ್ಟಿದೆ ಎಂಬುದು ಗ್ರೇಡ್, ರೋಗ ಎಲ್ಲಿಯವರೆಗೆ ಹೋಗಿದೆ ಎಂಬುದು ಸ್ಟೇಜ್.

ಹೆಜ್ಜೆ 4: ಇಆರ್, ಪಿಆರ್, ಹರ್-2

ಇಆರ್ ಎಂದರೆ ಈಸ್ಟ್ರೊಜೆನ್ ಗ್ರಾಹಕ, ಪಿಆರ್ ಎಂದರೆ ಪ್ರೊಜೆಸ್ಟರಾನ್ ಗ್ರಾಹಕ, ಹರ್-2 ಎಂಬುದು ಜೀವಕೋಶದ ಹೊರಪೊರೆಯ ಒಂದು ಪ್ರೋಟೀನು. ತುಣುಕಿಗೆ ಬಣ್ಣ ಹಿಡಿಸಿ ಇವನ್ನು ನೋಡುವುದನ್ನು ಐಎಚ್‌ಸಿ ಅಥವಾ ಮಾರ್ಕರ್ ಪರೀಕ್ಷೆ ಎನ್ನುತ್ತಾರೆ. ಅನೇಕ ಕಡೆ ಇದು ತಾನಾಗಿ ಆಗುವುದಿಲ್ಲ, ಬೇರೆ ಹಣ ಕಟ್ಟಿ ಕೇಳಬೇಕಾಗುತ್ತದೆ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವ ಪರೀಕ್ಷೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ತುಣುಕು ತೆಗೆಸುವ ಮೊದಲೇ ಕೇಳಿಟ್ಟುಕೊಳ್ಳಬೇಕು. ಈ ಪರೀಕ್ಷೆಯನ್ನು ಬಿಟ್ಟು ಸಿಎ 15-3 ಎಂಬ ರಕ್ತಪರೀಕ್ಷೆ ಸೇರಿಸಿದ ‘ಕ್ಯಾನ್ಸರ್ ಪ್ಯಾಕೇಜ್’ ಕೊಳ್ಳುವವರಿದ್ದಾರೆ. ಅದು ರೋಗವನ್ನು ಪತ್ತೆ ಹಚ್ಚುವ ಸಾಧನವೂ ಅಲ್ಲ, ಜೀನ್ ಬಗ್ಗೆ ಏನನ್ನೂ ಹೇಳುವುದೂ ಇಲ್ಲ. ಆ ದುಡ್ಡನ್ನು ಉಳಿಸಿಕೊಳ್ಳಿ.

ಇಆರ್ ಮತ್ತು ಪಿಆರ್ ಓದುವುದು ಸುಲಭ. ಗಡ್ಡೆಯ ಜೀವಕೋಶಗಳಲ್ಲಿ ನೂರಕ್ಕೆ ಒಂದರಲ್ಲಾದರೂ ಬಣ್ಣ ಹಿಡಿದಿದ್ದರೆ ಪಾಸಿಟಿವ್. ಇಆರ್ ಶೇ 1ರಿಂದ 10ರೊಳಗಿದ್ದರೆ ‘ಲೋ ಪಾಸಿಟಿವ್’ ಎಂದು ಬರೆಯುತ್ತಾರೆ. ಇಆರ್ ಪಾಸಿಟಿವ್ ಗಡ್ಡೆಗಳು ಈಸ್ಟ್ರೊಜೆನ್ ಹಾರ್ಮೋನನ್ನು ಉಂಡು ಬೆಳೆಯುತ್ತವೆ, ಸ್ತನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಇವೇ. ಕೆಐ-67 ಸಂಖ್ಯೆ ವಿಭಜನೆಯ ವೇಗವನ್ನು ಹೇಳುತ್ತದೆ. ಅದು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹೆಚ್ಚು ಕಡಿಮೆಯಾಗುವುದರಿಂದ ಅದನ್ನೊಂದನ್ನೇ ಹಿಡಿದು ನಿದ್ದೆ ಕೆಡಿಸಿಕೊಳ್ಳಬಾರದು.

ಹರ್-2 ಹಾಗಲ್ಲ, ಇಲ್ಲಿ ನಿಧಾನಿಸಬೇಕು. 17ನೆಯ ವರ್ಣತಂತುವಿನಲ್ಲಿರುವ ಈ ಜೀನ್ ಪ್ರತಿ ಜೀವಕೋಶದಲ್ಲಿ ಎರಡೇ ಇರಬೇಕು. ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 15ರಿಂದ 20ರಲ್ಲಿ ಅದು ಒಂದೇ ಆದೇಶಪತ್ರವನ್ನು ಹತ್ತಾರು ಝೆರಾಕ್ಸ್ ತೆಗೆದಂತೆ ಹೆಚ್ಚಿಕೊಂಡಿರುತ್ತದೆ. ಅದರಿಂದ ತಯಾರಾದ ಪ್ರೋಟೀನು ಜೀವಕೋಶದ ಹೊರಪೊರೆಯ ತುಂಬ ಕುಳಿತು ‘ವಿಭಜನೆಯಾಗು’ ಎಂಬ ಸಂಕೇತವನ್ನು ಬಿಡುವಿಲ್ಲದೆ ಕಳಿಸುತ್ತದೆ. ಇಂತಹ ಗಡ್ಡೆಗಳು ಬೇಗ ಹರಡುತ್ತವೆ, ಮಿದುಳಿಗೂ ಹೋಗುತ್ತವೆ. ಇದಕ್ಕೆ ತಡೆಯಾಗಿ ಟ್ರಾಸ್ಟುಜುಮ್ಯಾಬ್ 1998ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದರ ಬಯೋಸಿಮಿಲರ್ ರೂಪವನ್ನು, ಅಂದರೆ ಮೂಲ ಔಷಧಕ್ಕೆ ತೀರ ಹತ್ತಿರದ ಪ್ರತಿರೂಪವನ್ನು, ಭಾರತದ ಮಾರುಕಟ್ಟೆಗೆ ತಂದಿತು. ಔಷಧ ಕೈಗೆಟುಕುವಂತಾದಷ್ಟೂ ಪರೀಕ್ಷೆಯನ್ನು ಅರ್ಧಕ್ಕೆ ಬಿಡುವುದಕ್ಕೆ ನೆಪ ಕಡಿಮೆಯಾಗಬೇಕಿತ್ತು.

ವರದಿಯಲ್ಲಿ 0, 1+, 2+, 3+ ಇವುಗಳಲ್ಲೊಂದು ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಜೀವಕೋಶದ ಸುತ್ತ ದಟ್ಟ ಕಂದು ಗೆರೆ ಎಲ್ಲಿಯೂ ತುಂಡಾಗದೆ ಪೂರ್ತಿ ಸುತ್ತಿಕೊಂಡು, ಅಂತಹ ಜೀವಕೋಶಗಳು ಶೇ 10ಕ್ಕಿಂತ ಹೆಚ್ಚಿದ್ದರೆ ಅದು 3+, ಅಂದರೆ ಪಾಸಿಟಿವ್. ಗೆರೆ ಇಲ್ಲದಿದ್ದರೆ 0, ಮಸುಕಾಗಿ, ಅಲ್ಲಲ್ಲಿ ಕಡಿದು ಕಂಡರೆ 1+, ಇವೆರಡೂ ನೆಗೆಟಿವ್. ಸಾಮಾನ್ಯವಾಗಿ, ಗೆರೆ ಪೂರ್ತಿ ಸುತ್ತಿಕೊಂಡಿದ್ದರೂ ಬಣ್ಣ ಸಾಧಾರಣವಾಗಿದ್ದರೆ 2+. ಇದನ್ನು ಪ್ಲಸ್ ಚಿಹ್ನೆ ಇದೆಯೆಂದು ಪಾಸಿಟಿವ್ ಎಂದುಕೊಳ್ಳುವವರೂ, 3+ ಅಲ್ಲವಲ್ಲ ಎಂದು ನೆಗೆಟಿವ್ ಎಂದುಕೊಳ್ಳುವವರೂ ಸಮಾನ ತಪ್ಪು ಮಾಡುತ್ತಾರೆ. 2+ ಎಂದರೆ ಈ ಪರೀಕ್ಷೆಯಿಂದ ತೀರ್ಮಾನವಾಗಲಿಲ್ಲ, ಜೀನನ್ನೇ ಎಣಿಸಿ ನೋಡಬೇಕು ಎಂದು ಅರ್ಥ.

ಎಣಿಸುವ ಆ ಪರೀಕ್ಷೆಯೇ ಫಿಶ್. ಕತ್ತಲೆಯ ಹಿನ್ನೆಲೆಯಲ್ಲಿ ಹರ್-2 ಜೀನ್ ಸಾಮಾನ್ಯವಾಗಿ ಕೆಂಪು ಚುಕ್ಕೆಯಾಗಿ, 17ನೆಯ ವರ್ಣತಂತುವಿನ ನಡುಭಾಗ ಹಸಿರು ಚುಕ್ಕೆಯಾಗಿ ಹೊಳೆಯುತ್ತವೆ. ಕನಿಷ್ಠ 20 ಜೀವಕೋಶಗಳಲ್ಲಿ ಎರಡನ್ನೂ ಎಣಿಸುತ್ತಾರೆ. ಹಸಿರು ಚುಕ್ಕೆಗಳಿಗೆ ಕೆಂಪು ಚುಕ್ಕೆಗಳ ಅನುಪಾತ 2.0 ಅಥವಾ ಹೆಚ್ಚಿದ್ದು, ಒಂದು ಜೀವಕೋಶಕ್ಕೆ ಸರಾಸರಿ 4 ಅಥವಾ ಹೆಚ್ಚು ಹರ್-2 ಚುಕ್ಕೆಗಳಿದ್ದರೆ ಪಾಸಿಟಿವ್. ಇದಕ್ಕಾಗಿ ತುಣುಕು ಬೆಂಗಳೂರಿಗೋ ಮುಂಬೈಗೋ ಹೋಗಬೇಕಾಗಿ ಬಂದರೂ, ದಿನಗಳು ಹಿಡಿದರೂ ಮಾಡಿಸಲೇಬೇಕು. ಕೀಮೊಥೆರಪಿ ಶುರುವಾಗಿದೆ, ಇನ್ನೇಕೆ ಎಂದು ಫಿಶ್ ಕೈಬಿಟ್ಟ ಫೈಲುಗಳು ನನಗೆ ಪದೇ ಪದೇ ಕಾಣಸಿಗುತ್ತವೆ.

ನೆಗೆಟಿವ್ ಬಂದರೂ ‘ಹರ್-2 ನೆಗೆಟಿವ್’ ಎಂದಷ್ಟೇ ಬರೆದ ವರದಿಯನ್ನು ಒಪ್ಪಿಕೊಳ್ಳಬೇಡಿ, ಅಂಕಿ ಬರೆಸಿಕೊಳ್ಳಿ. 1+ ಇರುವವರನ್ನೂ, 2+ ಇದ್ದು ಫಿಶ್ ನೆಗೆಟಿವ್ ಬಂದವರನ್ನೂ ಈಗ ‘ಹರ್-2 ಲೋ’ ಎಂದು ಕರೆಯುತ್ತಾರೆ. ರೋಗ ಹರಡಿದಾಗ ಇವರಲ್ಲಿ ಟ್ರಾಸ್ಟುಜುಮ್ಯಾಬ್‌ಗೆ ಕೀಮೊ ಔಷಧ ಜೋಡಿಸಿದ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಕೆಲಸ ಮಾಡುತ್ತದೆ ಎಂಬುದು 2022ರಲ್ಲಿ ಗೊತ್ತಾಯಿತು. ದುಬಾರಿ ಔಷಧ ಅದು; 2024ರ ಕೇಂದ್ರ ಬಜೆಟ್ಟಿನಲ್ಲಿ ಅದರ ಆಮದು ಸುಂಕವನ್ನು ತೆಗೆದರು.

ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್ ಬಂದರೆ ಅದು ಟ್ರಿಪಲ್ ನೆಗೆಟಿವ್. ‘ನೆಗೆಟಿವ್’ ಎಂದು ಕೇಳಿ ಸಿಹಿ ಹಂಚಿದ ಮನೆಯೂ ಇದೆ. ಇಂತಹ ಗಡ್ಡೆಗಳಲ್ಲಿ ಬಹುಪಾಲು ಟಿಪಿ53 ಎಂಬ ಕಾವಲು ಜೀನ್ ಕೆಟ್ಟಿರುತ್ತದೆ, ವಿಭಜನೆಗೆ ಲಗಾಮು ಇರುವುದಿಲ್ಲ; ಚಿಕಿತ್ಸೆ ತಡಮಾಡುವಂತಿಲ್ಲ.

ಹೆಜ್ಜೆ 5: ಬ್ಲಾಕ್ ಕಾಪಾಡುವುದು

ತುಣುಕನ್ನು ಮೇಣದಲ್ಲಿ ಕೂಡಿಸಿದ ಸಣ್ಣ ಅಚ್ಚಿಗೆ ಬ್ಲಾಕ್ ಎನ್ನುತ್ತಾರೆ: ಪ್ಲಾಸ್ಟಿಕ್ ಚೌಕಟ್ಟು, ಅಂಚಿನಲ್ಲಿ ಸಂಖ್ಯೆ, ಬಿಳಿ ಮೇಣದ ನಡುವೆ ಮಾಸಲು ಬಣ್ಣದ ಎಳೆ. ಈ ಗಡ್ಡೆಯ ಮೇಲೆ ಮುಂದೆ ಮಾಡುವ ಜೀನ್ ಪರೀಕ್ಷೆಗಳಿಗೆ ಬೇಕಾದದ್ದು ಅದೇ. ಅರ್ಜಿ ಬರೆದುಕೊಟ್ಟು ಪಡೆದುಕೊಳ್ಳಿ, ಸಂಖ್ಯೆ ವರದಿಯ ಸಂಖ್ಯೆಯೊಂದಿಗೆ ಹೊಂದುತ್ತದೆಯೇ ಎಂದು ಅಲ್ಲೇ ನೋಡಿ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಮೇಣ ಕರಗುತ್ತದೆ.

ಹೆಜ್ಜೆ 6: ರಕ್ತದಲ್ಲಿ ಬಿಆರ್‌ಸಿಎ

ವಯಸ್ಸು 50 ದಾಟದವರು, ಟ್ರಿಪಲ್ ನೆಗೆಟಿವ್ ಇರುವವರು, ಎರಡೂ ಸ್ತನಗಳಲ್ಲಿ ರೋಗ ಬಂದವರು, ಮನೆತನದಲ್ಲಿ ಅಂಡಾಶಯದ ಕ್ಯಾನ್ಸರ್ ಅಥವಾ ಗಂಡಸಿಗೆ ಸ್ತನ ಕ್ಯಾನ್ಸರ್ ಆದ ನೆನಪಿರುವವರು ಈ ಪರೀಕ್ಷೆಯ ಬಗ್ಗೆ ತಜ್ಞರನ್ನು ಕೇಳಲೇಬೇಕು. ಬಿಆರ್‌ಸಿಎ1 ಜೀನ್ 17ನೆಯ ವರ್ಣತಂತುವಿನಲ್ಲಿದೆ ಎಂದು ಅಮೆರಿಕದ ಜೀನ್ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ 1990ರಲ್ಲಿ ತೋರಿಸಿದರು; ಬಿಆರ್‌ಸಿಎ2 ಇರುವುದು 13ನೆಯದರಲ್ಲಿ. ಮುರಿದ ಡಿಎನ್ಎಯನ್ನು ಸರಿಪಡಿಸುವುದು ಇವೆರಡರ ಕೆಲಸ. ದೋಷವಿರುವ ತಂದೆಯಿಂದಾಗಲಿ ತಾಯಿಯಿಂದಾಗಲಿ ಪ್ರತಿ ಮಗುವಿಗೆ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ವಂಶವೃಕ್ಷ ಬರೆಸುವಾಗ ತಾಯಿಯ ತವರನ್ನಷ್ಟೇ ಹೇಳಿ ತಂದೆಯ ಅಕ್ಕತಂಗಿಯರನ್ನು ಮರೆಯುವುದು ನಮ್ಮಲ್ಲಿ ರೂಢಿ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟ ಮನೆಗಳಲ್ಲಿ ಎರಡೂ ಕಡೆಯ ವೃಕ್ಷ ಒಂದೇ ಬೇರಿಗೆ ಹೋಗುವುದರಿಂದ ಇನ್ನಷ್ಟು ಎಚ್ಚರದಿಂದ ಬರೆಸಬೇಕು. ಹಾಗೆಂದು ಸೋದರಿಕೆಯ ಮದುವೆಯಿಂದಲೇ ಈ ಕ್ಯಾನ್ಸರ್ ಬಂತು ಎನ್ನಲಾಗದು, ಒಂದು ಕೆಟ್ಟ ಪ್ರತಿಯೇ ಅಪಾಯಕ್ಕೆ ಸಾಕು.

ಆನ್‌ಲೈನಿನಲ್ಲಿ ಮಾರುವ ಎಂಜಲಿನ ಕಿಟ್‌ಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಕೆಲವು ಈ ಜೀನ್‌ಗಳ ಬೆರಳೆಣಿಕೆಯ ಜಾಗಗಳನ್ನು ಮಾತ್ರ ನೋಡಿ ‘ದೋಷವಿಲ್ಲ’ ಎನ್ನುತ್ತವೆ. ವರದಿಯಲ್ಲಿ ‘ವಿಯುಎಸ್’ ಎಂದಿದ್ದರೆ, ಕಂಡ ಬದಲಾವಣೆ ಅಪಾಯಕಾರಿಯೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ಅದನ್ನು ನಂಬಿ ಸ್ತನವನ್ನಾಗಲಿ ಅಂಡಾಶಯವನ್ನಾಗಲಿ ತೆಗೆಸಿಕೊಳ್ಳಬಾರದು.

ಹೆಜ್ಜೆ 7: ರೋಗ ಹರಡಿದಾಗ

ಮೂಳೆ, ಯಕೃತ್ತು, ಶ್ವಾಸಕೋಶ, ಮಿದುಳು ಇವು ಸ್ತನ ಕ್ಯಾನ್ಸರ್ ಹೆಚ್ಚಾಗಿ ಹೋಗುವ ಜಾಗಗಳು. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಸಿಡಿಎಚ್1 ಜೀನ್ ಕಳೆದುಕೊಂಡ ಲೋಬ್ಯುಲರ್ ಬಗೆ ಹೊಟ್ಟೆಯ ಒಳಪೊರೆ, ಕರುಳು, ಅಂಡಾಶಯಗಳಿಗೂ ಹೋಗುವುದುಂಟು. ಹರಡಿದ ಗಡ್ಡೆ ಹಳೆಯ ಗಡ್ಡೆಯ ಹಾಗೆಯೇ ಇರುತ್ತದೆ ಎಂದುಕೊಂಡು ಹಳೆಯ ವರದಿಯ ಮೇಲೆ ಔಷಧ ಮುಂದುವರಿಸುವುದು ಅಡ್ಡದಾರಿ. ಇಆರ್, ಹರ್-2 ಎರಡೂ ಬದಲಾಗಬಹುದು. ಈಸ್ಟ್ರೊಜೆನ್ ತಡೆಯುವ ಲೆಟ್ರೊಜೋಲ್‌ನಂತಹ ಮಾತ್ರೆ ನುಂಗುತ್ತಿರುವಾಗಲೇ ಈಸ್ಟ್ರೊಜೆನ್ ಗ್ರಾಹಕವನ್ನು ತಯಾರಿಸುವ ಇಎಸ್‌ಆರ್1 ಜೀನ್ ಬದಲಾಗಿ, ಹಾರ್ಮೋನ್ ಇಲ್ಲದೆಯೂ ಗಡ್ಡೆ ಬೆಳೆಯುವುದನ್ನು ಕಲಿಯುವುದುಂಟು. ಹಾರ್ಮೋನ್ ಪಾಸಿಟಿವ್ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು 40ರಲ್ಲಿ ಪಿಐಕೆ3ಸಿಎ ಜೀನ್ ಬದಲಾಗಿರುತ್ತದೆ, ಅದಕ್ಕೆ 2019ರಿಂದ ಅಲ್ಪೆಲಿಸಿಬ್ ಎಂಬ ಮಾತ್ರೆ ಇದೆ. ಗಡ್ಡೆ ಈಗ ಹೇಗಿದೆ ಎಂದು ತಿಳಿಯಲು ಸಾಧ್ಯವಿದ್ದರೆ ಹೊಸ ತುಣುಕನ್ನೇ ನೋಡಬೇಕು.

ಆ ತುಣುಕನ್ನು ಯಕೃತ್ತಿನಿಂದಲೋ ಕುತ್ತಿಗೆಯ ಗ್ರಂಥಿಯಿಂದಲೋ ತೆಗೆಯುವಂತಿದ್ದರೆ ಅದೇ ಒಳ್ಳೆಯದು. ಮೂಳೆಯಿಂದಲೇ ತೆಗೆಯಬೇಕಾದರೆ, ಸುಣ್ಣದಂಶ ಕರಗಿಸಲು ಬಲವಾದ ಆಮ್ಲವನ್ನು ಬಳಸಬೇಡಿ, ಇಡಿಟಿಎ ಬಳಸಿ ಎಂದು ಪ್ರಯೋಗಾಲಯದ ಚೀಟಿಯ ಮೇಲೆ ವೈದ್ಯರಿಂದ ಬರೆಸಿ. ಆಮ್ಲದಲ್ಲಿ ಡಿಎನ್ಎ ಹಾಳಾಗಿ ಜೀನ್ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ತುಣುಕು ತೆಗೆಯಲು ಸಾಧ್ಯವೇ ಇಲ್ಲದಿದ್ದರೆ ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್ಎಯನ್ನು ನೋಡುವ ಲಿಕ್ವಿಡ್ ಬಯಾಪ್ಸಿ ಇದೆ. ಅದರಲ್ಲಿ ಬದಲಾವಣೆ ಕಂಡರೆ ನಂಬಬಹುದು; ಕಾಣದಿದ್ದರೆ ರಕ್ತದಲ್ಲಿ ಸಾಕಷ್ಟು ಡಿಎನ್ಎ ಇರಲಿಲ್ಲ ಎಂಬ ಸಾಧ್ಯತೆಯೂ ಇರುವುದರಿಂದ, ತುಣುಕು ತೆಗೆಯಬಲ್ಲ ಇನ್ನೊಂದು ಜಾಗ ಸ್ಕ್ಯಾನಿನಲ್ಲಿ ಇದೆಯೇ ಎಂದು ಮತ್ತೊಮ್ಮೆ ಕೇಳಿ.