ಇಂಗ್ಲಿಷ್ ಸಾಕು ಅಂದವರ ನಡುವೆ ಬಿಸಾಯ ಕಲಿತದ್ದು: ನನ್ನ ಅನುಭವ

ಫಿಲಿಪ್ಪೀನ್ಸ್‌ನ ದಾವಾವ್‌ಗೆ ಮೆಡಿಕಲ್ ಓದಲು ಬಂದವರಿಗೆಲ್ಲ ಸೀನಿಯರ್‌ಗಳು ಹೇಳುವುದು ಒಂದೇ. "ಇಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ ಮಾರಾಯಾ, ಸುಮ್ನೆ ಟೈಮ್ ಹಾಳು ಮಾಡ್ಕೋಬೇಡ." ಕ್ಲಾಸಿನಲ್ಲಿ ಅದು ನಿಜ. ವಾರ್ಡಿನಲ್ಲಿ ಅಲ್ಲ. ಈಗ ಹಿಸ್ಟರಿ ತೆಗೆಯುವಾಗ, ಅಂದರೆ ರೋಗಿಯ ಕಾಯಿಲೆಯ ವಿವರ ಕೇಳುವಾಗ, ಯಾವುದಾದರೂ ಅಜ್ಜಿ ಬಾಯಿ ಬಿಡದಿದ್ದರೆ ಅದೇ ಸೀನಿಯರ್‌ಗಳು ನನ್ನನ್ನು ಕರೆಯುತ್ತಾರೆ. "ಮಾಯೋಂಗ್ ಬುಂತಗ್, ಲೊಲಾ" ಅಂತ ಇಲ್ಲಿನ ಭಾಷೆ ಬಿಸಾಯದಲ್ಲಿ ಅಜ್ಜಿಗೆ ಬೆಳಗಿನ ನಮಸ್ಕಾರ ಹೇಳಿ ಕೂತರೆ ಅರ್ಧ ಕೆಲಸ ಮುಗಿಯಿತು.

ದುಡ್ಡು ಕಳೆದ ಕಥೆ ಮೊದಲು ಹೇಳಿಬಿಡ್ತೀನಿ. ಒಂದು ಆ್ಯಪ್‌ಗೆ ವರ್ಷದ ಚಂದಾ ಅಂತ ನಾಲ್ಕೈದು ಸಾವಿರ ರೂಪಾಯಿ ಹೋಯಿತು. ಆಮೇಲೆ ಆನ್‌ಲೈನ್ ಟ್ಯೂಷನ್, ಗಂಟೆಗೆ ಸುಮಾರು 400 ಪೆಸೊ. ಎರಡರಲ್ಲೂ ಸಿಕ್ಕಿದ್ದು ರಾಜಧಾನಿ ಮನಿಲಾ ಕಡೆಯ ಭಾಷೆ ಟಗಾಲೊಗ್. "ಮಗಂದಾಂಗ್ ಉಮಾಗ ಪೊ" ಅಂದರೆ ಬೆಳಗಿನ ನಮಸ್ಕಾರ, "ಕುಮುಸ್ತಾ ಪೊ ಕಯೊ" ಅಂದರೆ ಹೇಗಿದ್ದೀರಿ. ದಾವಾವ್‌ನಲ್ಲಿ ಟಗಾಲೊಗ್ ಎಲ್ಲರಿಗೂ ಅರ್ಥವಾಗುತ್ತೆ. ಆದರೆ ಹೆಚ್ಚಿನವರು ಮನೆಯಲ್ಲಿ ಆಡುವುದು ಬಿಸಾಯ. ನಾನು ಪಾಠದ ಟಗಾಲೊಗ್ ಶುರು ಮಾಡಿದ ಕೂಡಲೇ ಅಂಗಡಿಯವರು ನಯವಾಗಿ ಇಂಗ್ಲಿಷ್‌ಗೆ ಹೊರಳುತ್ತಿದ್ದರು. ಹೊರಡುವಾಗ ವಿದಾಯಕ್ಕೆ "ಪಾಆಲಮ್" ಅಂದರಂತೂ ಮುಸಿಮುಸಿ ನಗು. ನಾಟಕದ ಡೈಲಾಗಿನ ಹಾಗೆ ಕೇಳಿಸುತ್ತಿತ್ತೇನೋ. ದಿನಬಳಕೆಗೆ "ಸಿಗೆ" (ಸರಿ, ಬರ್ತೀನಿ) ಸಾಕು, ಇಲ್ಲಾ "ಅಂಪಿಂಗ್", ಅಂದರೆ ಹುಷಾರು.

ಆಮೇಲೆ ಪಟ್ಟಿ ಉರು ಹೊಡೆಯೋದು ಬಿಟ್ಟೆ. ಒಂದು ಜಾಗಕ್ಕೆ ಒಂದೇ ಮಾತು. ಎದುರಿನವರು ಇಂಗ್ಲಿಷ್‌ಗೆ ಹೊರಳದೆ ಬಿಸಾಯದಲ್ಲೇ ಉತ್ತರ ಕೊಟ್ಟರೆ ಪಾಸ್, ಆಗ ಮುಂದಿನದು. ಜೀಪ್ನಿಯಲ್ಲಿ, ಅಂದರೆ ಇಲ್ಲಿನ ಶೇರ್ ವ್ಯಾನಿನಲ್ಲಿ, "ಪಾಲಿಹುಗ್" (ದಯವಿಟ್ಟು) ಅಂತ ದುಡ್ಡನ್ನು ಮುಂದೆ ಕೂತವರ ಕೈಗೆ ದಾಟಿಸೋದು, ಇಳಿಯುವಾಗ "ಲುಗಾರ್ ಲಂಗ್", ಇಲ್ಲೇ ನಿಲ್ಲಿಸಿ ಅಂತ. ಮನಿಲಾದವರು ಇದಕ್ಕೆ "ಪಾರಾ ಪೊ" ಅನ್ನುತ್ತಾರೆ. ಸಾರಿ-ಸಾರಿ ಅನ್ನುವ ಬೀದಿಯ ಸಣ್ಣ ಕಿರಾಣಿ ಅಂಗಡಿಯ ಜಾಲರಿ ಹಿಂದೆ ಯಾರೂ ಕಾಣದಿದ್ದರೆ "ಆಯೊ!" ಅಂತ ಕೂಗಬೇಕು, ಟಗಾಲೊಗ್‌ನಲ್ಲಾದರೆ "ತಾಒ ಪೊ!". ಒಂದೇ ಸಲ ಸಾಮಾನು ತರದೆ ಈಗೊಂದು ಮೊಟ್ಟೆ, ಆಮೇಲೊಂದು ಶಾಂಪೂ ಸ್ಯಾಶೆ ಅಂತ ಬೇಕಂತಲೇ ಓಡಾಡಿದೆ. ಜೀಪ್ನಿಗೆ ಆಗ ಸಲಕ್ಕೆ 12–13 ಪೆಸೊ ಇತ್ತು, ಅದು ಹೇಗೂ ಇದ್ದದ್ದೇ. ಹೆಚ್ಚಿಗೆ ಆದದ್ದು ತಿಂಗಳಿಗೆ ಒಂದು ಗಂಟೆ ಟ್ಯೂಷನ್ ದುಡ್ಡಿನಷ್ಟೂ ಇಲ್ಲ.

ಊಟದ ಹೊತ್ತಿನ ಮಾತು ಮಾತ್ರ ಬೇರೆಯೇ ವಿದ್ಯೆ. ತಿನ್ನುತ್ತಾ ಕೂತವರು ನಿಮ್ಮನ್ನು ಕಂಡರೆ "ಕಾಒನ್ ತಾ" ಅನ್ನುತ್ತಾರೆ, ಬನ್ನಿ ಊಟ ಮಾಡೋಣ ಅಂತ. ತಕ್ಷಣ ಕೂತುಬಿಡಬೇಡಿ. "ಸಿಗೆ ಲಂಗ್, ಸಲಾಮತ್" (ಇರಲಿ, ಥ್ಯಾಂಕ್ಸ್) ಅಂತ ನಕ್ಕು ಮುಂದೆ ಹೋಗಬೇಕು. ಒತ್ತಾಯ ಮಾಡಿದರೆ ಆಗ ನೋಡೋಣ. ನನ್ನ ರೂಮ್‌ಮೇಟ್ ಸೆಕ್ಯುರಿಟಿ ಗಾರ್ಡ್‌ನ ಡಬ್ಬಿ ಮುಂದೆ ಕೂತೇಬಿಟ್ಟ. ಪಾಪ, ಆತ ಅರ್ಧ ಅನ್ನ ಬಿಟ್ಟುಕೊಟ್ಟ.

ಉಚ್ಚಾರಣೆಗೆ ನಾನು ನಂಬಿದ್ದು ಕನ್ನಡ ಅಕ್ಷರವನ್ನು. ಇಂಗ್ಲಿಷ್ ಅಕ್ಷರ ನೋಡಿದರೆ ನಮ್ಮ ನಾಲಿಗೆ ಟ, ಡ ಕಡೆಗೆ ಹೋಗುತ್ತೆ. ಇವರದು ತ, ದ. ಒಂದನೇ ಕ್ಲಾಸಿನಲ್ಲಿ ತಿದ್ದಿ ಮರೆತ ಙ ಇಲ್ಲಿ ದಿನಾ ಬೇಕು, ಪದದ ಮೊದಲಿಗೇ ಬರುತ್ತೆ. ನೋಟ್‌ಬುಕ್ಕಿನಲ್ಲಿ ಒತ್ತು ಬೀಳುವ ಕಡೆ ಕೆಂಪು ಗೆರೆ ಎಳೆದೆ. ಟಗಾಲೊಗ್‌ನ "ಮಗಂದಾಂಗ್ ಗಬೀ" ರಾತ್ರಿಯ ನಮಸ್ಕಾರ. ಒತ್ತು ಹಿಂದಕ್ಕೆ ಸರಿದು "ಗಾಬಿ" ಆದರೆ ಕೆಸುವಿನ ಗೆಡ್ಡೆಯನ್ನು ಹೊಗಳಿದ ಹಾಗೆ!

ಇನ್ನು ಮರ್ಯಾದೆಯ "ಪೊ". ಟಗಾಲೊಗ್‌ನಲ್ಲಿ ಹಿರಿಯರ ಹತ್ತಿರ ಅದು ಬೇಕೇ ಬೇಕು. ಜೊತೆಗೆ "ಕ" ಬಿಟ್ಟು "ಕಯೊ", ನಾವು ನೀನು ಬಿಟ್ಟು ನೀವು ಅಂದ ಹಾಗೆ. ಬಿಸಾಯದಲ್ಲಿ ಪೊ ಇಲ್ಲ. ಗಂಡಸರಿಗೆ "ನೋಂಗ್", ಹೆಂಗಸರಿಗೆ "ನಾಂಗ್" ಅಂತ ಸೇರಿಸಿದರೆ ಮರ್ಯಾದೆ ಅದರಲ್ಲೇ ಬಂತು.

ರಜೆಯಲ್ಲಿ ಉತ್ತರದ ಬಾಗಿಯೊ ಊರಿಗೆ ಹೋದಾಗ ಅಲ್ಲಿನವರಾಡುವ ಇಲೊಕಾನೊ ಭಾಷೆಯ ಮೇಲೂ ಕೈ ಆಡಿಸಿದೆ. "ನಾಇಂಬಾಗ್ ಅ ಬಿಗಾತ್, ಮನಾಂಗ್" ಅಂದೆ, ಬೆಳಗಿನ ನಮಸ್ಕಾರ ಅಕ್ಕಾ ಅಂತ. ಸ್ಟ್ರಾಬೆರಿ ಮಾರುವಾಕೆ ಬೆಲೆ ಇಳಿಸಲಿಲ್ಲ, ಒಂದು ಹಿಡಿ ಜಾಸ್ತಿ ಹಾಕಿದರು. ಇಲೊಯಿಲೊ ಊರಿನಲ್ಲಿ ಹಿಲಿಗಾಯ್ನೊನ್ ಭಾಷೆ, ಬೆಳಿಗ್ಗೆಗೆ ಬುಂತಗ್ ಅಲ್ಲ, "ಮಾಯೋಂಗ್ ಆಗಾ". ರಾಗ ಎಷ್ಟು ಮೆತ್ತಗೆ ಅಂದರೆ ಬೈದರೂ ಗೊತ್ತಾಗಲ್ಲ.

ದಾವಾವ್‌ನ ಬಾಂಕೆರೊಹಾನ್ ಮಾರ್ಕೆಟ್ಟಿನ ಅಜ್ಜಿಯರು ನನ್ನ ತಪ್ಪನ್ನು ತಾವಾಗಿ ತಿದ್ದುವ ಹಾಗೆ ಮಾಡಲು ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ. ಜೂನಿಯರ್‌ಗಳು ರೂಮಿಗೆ ಬಂದರೆ ಹೇಳ್ತೀನಿ, ಬರುವಾಗ ಚಿತ್ರಾನ್ನ ತನ್ನಿ.

ಒಂದು ಎಚ್ಚರಿಕೆ. ನಮಸ್ಕಾರ ಸರಿಯಾಗಿ ಹೇಳಿದಿರೋ, ಉತ್ತರ ಪೂರ್ತಿ ಸ್ಪೀಡಿನಲ್ಲಿ ಬರುತ್ತೆ. ಹೊಟ್ಟೆನೋವಿನಿಂದ ಶುರುವಾಗಿ ಮಗನ ಸಾಲದವರೆಗೆ. ಅದಕ್ಕೇ ವಾರ್ಡಿಗೆ ಕಾಲಿಡುವ ಮುಂಚೆ "ಹಿನಾಯ್-ಹಿನಾಯ್ ಲಂಗ್, ಲೊಲಾ" ಕಲಿತಿರಿ. ಸ್ವಲ್ಪ ನಿಧಾನ ಅಜ್ಜಿ, ಅಂತ.