ತಮಿಳು ಸಂಗಮ್‌ಗೆ ಮುಂದಿನ ತಲೈವರ್: ಕುರ್ಚಿ ಖಾಲಿಯಾಗುವ ಮೊದಲೇ ತಯಾರಿ ಹೇಗೆ?

ಪೊಂಗಲ್‌ಗೆ ಒಂಬತ್ತೇ ದಿನ ಇತ್ತು. ಒಂದು ಚಿಕ್ಕ ತಮಿಳು ಸಂಗಮ್‌ನ ಅಧ್ಯಕ್ಷರು ಆಸ್ಪತ್ರೆ ಸೇರಿದರು. ಹಾಲ್‌ಗೆ ಅಡ್ವಾನ್ಸ್ ಕೊಟ್ಟಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಡುಗೆಯವರ ನಂಬರ್ ಅವರ ಫೋನಿನಲ್ಲಿ. ಚೆಕ್ ಬುಕ್ ಅವರ ಮನೆ ಬೀರುವಿನಲ್ಲಿ. ಬೀರುವಿನ ಕೀ ಹೆಂಡತಿಯ ಸೊಂಟದಲ್ಲಿ, ಹೆಂಡತಿ ಐಸಿಯು ಬಾಗಿಲಲ್ಲಿ. ಅಲ್ಲಿಗೆ ಹೋಗಿ ಕೀ ಕೇಳುವುದು ಯಾರು? ಕೊನೆಗೆ ಕಾರ್ಯದರ್ಶಿಯೇ ಹೋದ. ಆತ ನನ್ನ ಗೆಳೆಯ. ಆ ದಿನದ ಮುಜುಗರವನ್ನು ಈಗಲೂ ಹೇಳಿಕೊಳ್ಳುತ್ತಾನೆ.

ತಮಿಳರು ಊರು ಬಿಟ್ಟು ಎಲ್ಲಿಗೆ ಹೋದರೂ ಸಂಗಮ್ ಕಟ್ಟುತ್ತಾರೆ. ದೆಹಲಿಯದು 1946ರದ್ದು. ಹಲಸೂರು ಕೆರೆ ಪಕ್ಕದ ಬೆಂಗಳೂರು ತಮಿಳು ಸಂಗಮ್ 1950ರದ್ದು. ಉತ್ತರ ಅಮೆರಿಕದ ಸಂಗಮ್‌ಗಳು 1987ರಲ್ಲಿ ಒಂದು ಒಕ್ಕೂಟವನ್ನೇ ಮಾಡಿಕೊಂಡವು. ದೊಡ್ಡವರ ಮಾತು ಬಿಡಿ. ಇನ್ನೂರು ಮನೆಗಳ ಸಂಗಮ್‌ನಲ್ಲಿ ಎಲ್ಲವೂ ಒಬ್ಬ ತಲೈವರ್, ಅಂದರೆ ಅಧ್ಯಕ್ಷರ, ತಲೆಯಲ್ಲೇ ಇರುತ್ತದೆ. ಈ ಲೇಖನ ಅಂಥವರಿಗೆ. ಹೊರನಾಡ ಕನ್ನಡ ಸಂಘದವರು ಓದಿದರೂ ನಷ್ಟವಿಲ್ಲ.

ಮೊದಲ ಕೆಲಸ, ಆ ತಲೆಯಲ್ಲಿರುವುದನ್ನು ಒಂದು ನೋಟ್‌ಬುಕ್‌ಗೆ ಇಳಿಸುವುದು. ಒಂದು ವರ್ಷ ಯಾರಾದರೂ ಅವರ ಪಕ್ಕದಲ್ಲಿದ್ದು ಬರೆದುಕೊಳ್ಳಲಿ. ಪೊಂಗಲ್, ಪುತ್ತಾಂಡು (ತಮಿಳು ಹೊಸವರ್ಷ), ಪಟ್ಟಿಮನ್ರಂ (ವೇದಿಕೆಯ ಚರ್ಚಾಕೂಟ), ಹೀಗೆ ಒಂದೊಂದಕ್ಕೂ ಎರಡು ಪುಟ. ಸಕ್ಕರೈ ಪೊಂಗಲ್‌ಗೆ ಎಷ್ಟು ಬೆಲ್ಲ ತಂದಿರಿ, ಎಷ್ಟು ಉಳಿಯಿತು? ಕಬ್ಬು ಎಲ್ಲಿಂದ ಬಂತು? ಪಟ್ಟಿಮನ್ರಂಗೆ ಬಂದ ನಡುವರ್‌ಗೆ, ಅಂದರೆ ತೀರ್ಪುಗಾರರಿಗೆ, ರೈಲು ಟಿಕೆಟ್ ಮಾಡಿಸಿದ್ದು ಯಾರು? ಯಾವ ದಾನಿಗೆ ಫೋನ್ ಮಾಡಿದರೆ ಸಾಕು, ಯಾರ ಮನೆಗೆ ಹೋಗಿ ಕಾಫಿ ಕುಡಿದೇ ಕೇಳಬೇಕು? ಇದನ್ನಂತೂ ಬರೆಯಲೇಬೇಕು. ಬೈಲಾದಲ್ಲಿ ಇದೆಲ್ಲ ಸಿಗುವುದಿಲ್ಲ.

ಬೈಲಾ ಅಂದೆನಲ್ಲ, ಅದನ್ನೂ ಒಮ್ಮೆ ತೆಗೆದು ಓದಿ. ತಮಿಳುನಾಡಿನ 1975ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಸಮಿತಿಯ ಅವಧಿ 3 ವರ್ಷ ಮೀರುವಂತಿಲ್ಲ. ಆದರೆ ಮತ್ತೆ ಆರಿಸಿ ಬರಬಹುದು. ಅಂದರೆ ಒಬ್ಬರೇ ಮೂವತ್ತು ವರ್ಷ ಕೂರಲಿಕ್ಕೂ ಅಡ್ಡಿಯಿಲ್ಲ. ಕರ್ನಾಟಕದಲ್ಲಿ ನೋಂದಣಿಯಾದವರಿಗೆ 1960ರ ಕಾಯ್ದೆ. ಎಲ್ಲೇ ಇರಲಿ, 'ಸತತ ಎರಡು ಅವಧಿ, ಆಮೇಲೆ ಬಿಡುವು' ಅಂತ ನಿಮ್ಮ ಬೈಲಾಗೇ ಸೇರಿಸಿಕೊಳ್ಳಿ. ಪೊದುಕ್ಕುಳು, ಅಂದರೆ ಸರ್ವಸದಸ್ಯರ ಸಭೆ, ಇದಕ್ಕೆ ಒಪ್ಪಬೇಕು. ಜಗಳ ಇಲ್ಲದ ವರ್ಷ ನೋಡಿ ಮಾಡಿ. ಚುನಾವಣೆ ವರ್ಷ ತಂದರೆ ಯಾರನ್ನೋ ಇಳಿಸಲಿಕ್ಕೆ ತಂದಂತೆಯೇ ಕಾಣುತ್ತದೆ.

ಇನ್ನು ಜನ. 'ಹುಡುಗರು ಯಾರೂ ಬರಲ್ಲ' ಎಂಬ ದೂರು ಎಲ್ಲಾ ಕಡೆ ಇದ್ದದ್ದೇ. ಭಾನುವಾರದ ತಮಿಳು ಕ್ಲಾಸ್ ಕಡೆ ಒಮ್ಮೆ ಹೋಗಿ ನೋಡಿ. ಹಾಜರಿ, ಫೀಸು, ಪರೀಕ್ಷೆ ಎಲ್ಲವನ್ನೂ ವರ್ಷಗಟ್ಟಲೆ ಸುಮ್ನೆ ನಡೆಸಿಕೊಂಡು ಬಂದಿರುವುದು ಜಾಸ್ತಿ ತಾಯಂದಿರೇ. ಪದಾಧಿಕಾರಿಗಳ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿರುವುದಿಲ್ಲ. ಹೊರಗೆ ಬೆಳೆದ ಮಕ್ಕಳಿಗೆ ಮನೆಮಾತು ಬರುತ್ತದೆ, ವೇದಿಕೆಯ ಸೆಂದಮಿಳು, ಅಂದರೆ ಗ್ರಾಂಥಿಕ ತಮಿಳು, ಬರುವುದಿಲ್ಲ. ಬರದಿದ್ದರೆ ಬೇಡ. ಲೆಕ್ಕ ಬರೆಯಲಿಕ್ಕೆ, ಹಾಲ್ ಬುಕ್ ಮಾಡಲಿಕ್ಕೆ ಅದು ಯಾಕೆ ಬೇಕು?

ಸಿಕ್ಕವರನ್ನು ಕುರ್ಚಿ ಜೋಡಿಸಲು ಹಚ್ಚಬೇಡಿ. ಒಂದು ಇಡೀ ಕಾರ್ಯಕ್ರಮ ಕೊಡಿ, ಜೊತೆಗೆ ದುಡ್ಡೂ ಕೊಡಿ. 20 ಸಾವಿರ ಅಂದರೆ 20 ಸಾವಿರದ ನಿರ್ಧಾರವೂ ಅವರದೇ. ಬ್ಯಾನರಿನ ಬಣ್ಣಕ್ಕೂ ತಲೈವರ್‌ಗೆ ಫೋನ್ ಹೋಗುತ್ತಿದ್ದರೆ ಏನು ಕಲಿತ ಹಾಗಾಯಿತು? ಈ ಕೆಲಸವನ್ನು ಈ ರೀತಿಯಲ್ಲಿ ಇವನು ಮುಗಿಸುತ್ತಾನೆ ಅಂತ ತೂಗಿ ನೋಡಿ ಅವನಿಗೇ ಬಿಟ್ಟುಬಿಡು ಅನ್ನುತ್ತದೆ ತಿರುವಳ್ಳುವರ್ ಬರೆದ ತಿರುಕ್ಕುರಳಿನ 517ನೇ ಪದ್ಯ. ವಳ್ಳುವರ್ ಫೋಟೊ ಇಲ್ಲದ ಸಂಗಮ್ ಹುಡುಕುವುದು ಕಷ್ಟ. 'ಬಿಟ್ಟುಬಿಡು' ಅನ್ನೋ ಭಾಗ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಒಂದು ವರ್ಷ ಹೀಗೆ ಪಳಗಿದವರನ್ನು ಉಪಾಧ್ಯಕ್ಷರನ್ನಾಗಿ ಆರಿಸಿ. ಮುಂದಿನ ಸರದಿ ಇವರದು ಅಂತ ಆಗಲೇ ಎಲ್ಲರಿಗೂ ಗೊತ್ತಿರಲಿ.

ಕಾಗದ ಪತ್ರದ ಕೆಲಸ ಬೇಸರದ್ದು, ಆದರೆ ಚಿಕ್ಕದು. ಆಯ್ಕೆಯಾದ ದಿನವೇ ನಿರ್ಣಯ ಬರೆದು ಸಹಿ ಹಾಕಿಸಿ. ಅದರ ಪ್ರತಿ ಹಿಡಿದು ಬ್ಯಾಂಕಿಗೆ ಹೋಗಿ ಸಹಿದಾರರನ್ನು ಬದಲಿಸಿ. ಅಧ್ಯಕ್ಷ, ಕಾರ್ಯದರ್ಶಿ, ಪೊರುಳಾಳರ್ (ಖಜಾಂಚಿ) ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಸಾಕು ಅಂತ ಮಾಡಿಸಿ. ಹೊಸ ಸಮಿತಿಯ ಪಟ್ಟಿ ರಿಜಿಸ್ಟ್ರಾರ್ ಕಚೇರಿಗೆ ಹೋಗಲಿ. ವಾಟ್ಸಾಪ್ ಗ್ರೂಪಿನ ಅಡ್ಮಿನ್ ಬದಲಾಯಿಸಲು ಮರೆಯಬೇಡಿ. ಜಗಳ ಶುರುವಾಗುವುದು ಅಲ್ಲೇ.

ಹಳೆಯ ತಲೈವರ್ ಏನು ಮಾಡಬೇಕು? ಇದನ್ನು ಮೊದಲೇ ಅವರ ಹತ್ತಿರವೇ ಮಾತಾಡಿ. 'ಗೌರವ ಸಲಹೆಗಾರರು' ಅಂತ ಬರೀ ಶಾಲು ಹೊದಿಸಿ ಕೂರಿಸಿದರೆ ಸುಮ್ಮನೆ ಕೂರುವ ಜೀವ ಅಲ್ಲ ಅದು. ಒಂದು ನಿಜವಾದ ಕೆಲಸ ಕೊಡಿ. ಆದರೆ ಮೊದಲ ಆರು ತಿಂಗಳು ಸಮಿತಿ ಸಭೆಗೆ ಕರೆಯಬೇಡಿ. ಅವರಿದ್ದರೆ ಎಲ್ಲರ ಕಣ್ಣೂ ಅವರ ಕಡೆಗೇ ಹೋಗುತ್ತದೆ.

ಗೆಳೆಯನ ಸಂಗಮ್‌ನ ಅಧ್ಯಕ್ಷರು ಗುಣವಾಗಿ ಬಂದರು. ಮರುವರ್ಷ ಜಾಗ ಬಿಟ್ಟುಕೊಟ್ಟರು. ಈಗ ಪೊಂಗಲ್ ದಿನ ಬಾಗಿಲಲ್ಲಿ ಕೂತು ಊಟದ ಕೂಪನ್ ಹರಿಯುತ್ತಾರೆ. ಬೀರು ಸಂಗಮ್ ಕೋಣೆಗೆ ಬಂದಿದೆ, ಕೀ ಮೂರು ಜನರ ಹತ್ತಿರ ಇದೆ. ಅಡುಗೆಯವರು ಮಾತ್ರ ಇನ್ನೂ ಆ ಹಳೆಯ ಅಧ್ಯಕ್ಷರೇ ಫೋನ್ ಮಾಡಿದರಷ್ಟೇ ಹೂಂ ಅನ್ನೋದಂತೆ.