ಜಾಗದ ಮೌಲ್ಯಮಾಪನ: ಶುಲ್ಕ ಹೇಳುವ ಮೊದಲು

‘ಸರ್, ಜಾಗದ ವ್ಯಾಲ್ಯುವೇಶನ್ ಬೇಕಿತ್ತು, ಎಷ್ಟಾಗ್ತದೆ?’ ಎಂದು ಫೋನ್ ಬಂದ ಕೂಡಲೇ, ಮೌಲ್ಯಮಾಪಕರೇ, ಮೊತ್ತ ಹೇಳಬೇಡಿ. ವರದಿ ಯಾರ ಮುಂದೆ ಹೋಗುತ್ತದೆ ಎಂದು ಮೊದಲು ಕೇಳಿ. ಕೆಲಸದ ಅಳತೆ ಅಲ್ಲೇ ಗೊತ್ತಾಗುತ್ತದೆ.

ಬ್ಯಾಂಕ್ ಸಾಲಕ್ಕಾದರೆ ನಮೂನೆಯೂ ಶುಲ್ಕವೂ ಬ್ಯಾಂಕಿನದೇ. ಹಳೆಯ ಜಾಗ ಮಾರಿದ ಲಾಭದ ಮೇಲಿನ ಆದಾಯ ತೆರಿಗೆಗೆ 2001ರ ಏಪ್ರಿಲ್ 1ರ ಬೆಲೆ ಬೇಕೆಂದವರಿಗೆ ಒಂದು ಮಾತು ಮುಂಚೆಯೇ ತಿಳಿಸಿ: ಅಂದಿನ ಮುದ್ರಾಂಕ ಮೌಲ್ಯ (ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ಹಿಡಿಯುವ ಬೆಲೆ) ಸಿಗುವಲ್ಲಿ, ಅದಕ್ಕಿಂತ ಹೆಚ್ಚಿನದನ್ನು 2020ರ ಹಣಕಾಸು ಕಾಯ್ದೆಯ ನಂತರ ಒಪ್ಪುವುದಿಲ್ಲ. ಹಣ ಪಡೆದ ಮೇಲೆ ಇದನ್ನು ಹೇಳಿದರೆ ಜಗಳ ಖಚಿತ.

ಹೆಚ್ಚು ದಿನ ತಿನ್ನುವುದು ಹಿಸೆಯ, ಅಂದರೆ ಮನೆಯವರು ಆಸ್ತಿ ಪಾಲು ಮಾಡಿಕೊಳ್ಳುವಾಗಿನ, ಕೆಲಸ. ದರ ಹೇಳುವ ಮುನ್ನ ಪಹಣಿ, ಸರ್ವೆ ನಕ್ಷೆ, ಋಣಭಾರ ಪತ್ರ ತರಿಸಿಕೊಳ್ಳಿ. ಪಹಣಿಯ 9ನೇ (ಮಾಲೀಕರ ಹೆಸರು) ಮತ್ತು 11ನೇ (ಇತರ ಹಕ್ಕು, ಋಣ) ಕಾಲಂ ಓದಿ. 9ರಲ್ಲಿ ನಾಲ್ಕು ಹೆಸರಿದ್ದು ಪೋಡಿ (ಪಾಲುಗಳನ್ನು ಅಳೆದು ಬೇರೆ ಮಾಡುವುದು) ಆಗಿರದಿದ್ದರೆ ಯಾರ ಪಾಲು ಎಲ್ಲಿದೆ ಎಂಬುದು ಕಾಗದದಲ್ಲಿ ಸಿಗದು. ಶಿರಸಿ ಸೀಮೆಯ ಅಡಿಕೆ ತೋಟದಲ್ಲಿ ಸೊಪ್ಪಿನ ಬೆಟ್ಟದ ಪ್ರಶ್ನೆಯೂ ಇದೆ. ಎಕರೆ ತೋಟಕ್ಕೆ 9 ಎಕರೆವರೆಗೂ ಇರಬಹುದಾದ ಆ ಬೆಟ್ಟ ಮಾಲ್ಕಿ ಜಮೀನಲ್ಲ; ಸೊಪ್ಪು, ದರಕಿನ (ಒಣ ಎಲೆಯ) ಹಕ್ಕು ಮಾತ್ರ. ಅದನ್ನೂ ಗುಂಟೆ ಲೆಕ್ಕದಲ್ಲಿ ಕೂಡಿಸುತ್ತಾರೆಂದು ಮನೆಯವರು ನಂಬಿರುತ್ತಾರೆ. ಆ ನಂಬಿಕೆಯನ್ನು ಮೊದಲ ದಿನವೇ ಸರಿಪಡಿಸಿ. ಫಸಲಿಗೆ ಬಾಯಿಮಾತು ಸಾಲದು, ಸೊಸೈಟಿಯ ಐದು ವರ್ಷದ ಮಾರಾಟ ಪಟ್ಟಿ ಕೇಳಿ. ಕೊಳೆರೋಗ ಬಂದ ಒಂದೇ ವರ್ಷದ ಲೆಕ್ಕ ಹಿಡಿದರೆ ತೋಟ ಅಗ್ಗವಾಗಿ ಕಾಣುತ್ತದೆ.

ಕಾರವಾರ, ಕುಮಟಾ ಕಡೆ ಸಮುದ್ರದ ಅಂಚಿನ ಜಾಗವಾದರೆ ಕರಾವಳಿ ನಿಯಂತ್ರಣ ವಲಯದ ನಕ್ಷೆ ನೋಡಲು ಒಂದು ದಿನ ಸೇರಿಸಿ. ಭರತರೇಖೆಯಿಂದ (ಭರತದ ನೀರು ಬಂದು ಮುಟ್ಟುವ ಗೆರೆ) ಒಳಗೆ ಎಷ್ಟು ದೂರ ಕಟ್ಟುವಂತಿಲ್ಲ ಎಂಬುದೇ ಅಲ್ಲಿ ಬೆಲೆ ನಿರ್ಧರಿಸುತ್ತದೆ. ಉಪ್ಪುಗಾಳಿಗೆ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಸಿಮೆಂಟು ಉದುರಿದೆಯೇ ಎಂದು ತಲೆಯೆತ್ತಿ ನೋಡಿ.

ಈಗ ದಿನ ಎಣಿಸಿ. ಕಾರವಾರದಿಂದ ಶಿರಸಿ ತೋಟಕ್ಕೆ ಹೋಗಿ ನೋಡಿ ಬರಲು ಒಂದು, ದಾಖಲೆಗೆ ಅರ್ಧ, ಆಸುಪಾಸಿನ ಕ್ರಯಪತ್ರಗಳ ವಿಚಾರಣೆಗೆ ಒಂದು, ಬರವಣಿಗೆಗೆ ಒಂದು: ಮೂರೂವರೆ ದಿನ. ನಿಮ್ಮ ದಿನದ ದರ ₹4,000 ಎಂದಿಟ್ಟುಕೊಂಡರೆ ₹14,000, ಗಾಡಿ ಖರ್ಚು ಬೇರೆ. ಕೋಟಿ ಬೆಲೆಯ ಫ್ಲ್ಯಾಟಿಗೆ ಒಂದು ದಿನ ಸಾಕಾದೀತು, ಅದೇ ಬೆಲೆಯ ಕೂಡುತೋಟಕ್ಕೆ ಸಾಲದು. ಆದ್ದರಿಂದ ಶೇಕಡಾ ಲೆಕ್ಕಕ್ಕಿಂತ ದಿನದ ಲೆಕ್ಕ ಇಬ್ಬರಿಗೂ ನ್ಯಾಯ. ‘ಬೆಲೆ ಏರಿಸಿದರೆ ಜಾಸ್ತಿ ಕೊಡ್ತೇನೆ’ ಎಂಬ ಮಾತಿಗೆ ಮಾತ್ರ ಒಪ್ಪಲೇಬೇಡಿ. ಕಂಪನಿ ಕಾಯ್ದೆಯಡಿಯ 2017ರ ನೋಂದಾಯಿತ ಮೌಲ್ಯಮಾಪಕರ ನೀತಿಸಂಹಿತೆ ಅಂಥ ಶುಲ್ಕವನ್ನು ನಿಷೇಧಿಸಿದೆ.

ಒಪ್ಪಿದ್ದನ್ನು ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿ: ಉದ್ದೇಶ, ಯಾವ ದಿನಾಂಕದ ಬೆಲೆ, ಎಷ್ಟು ಪ್ರತಿ, ಎರಡನೇ ಭೇಟಿಗೆ ಎಷ್ಟು, ಮುಂಗಡ ಎಷ್ಟು. ಗಡಿ ಅಳೆಯುವುದು ಸರ್ವೆಯರ ಕೆಲಸ, ಹಕ್ಕು ನೋಡುವುದು ವಕೀಲರ ಕೆಲಸ ಎಂಬ ಸಾಲು ತಪ್ಪದಿರಲಿ.

ಅಷ್ಟು ಹಣ ಕೊಡಲಾಗದವರಿಗೆ ಕೆಲಸವನ್ನೇ ಚಿಕ್ಕದು ಮಾಡಿ: ಸ್ಥಳ ನೋಡಿ ಎರಡು ಪುಟದ ಅಂದಾಜು. ಪೂರ್ತಿ ವರದಿಯ ಹೆಸರಲ್ಲಿ ಅರ್ಧ ವಿಚಾರಣೆ ಬೇಡ. ಆ ಎರಡು ಪುಟದ ಮೇಲ್ಭಾಗದಲ್ಲೇ ‘ಮನೆಯವರ ಮಾತುಕತೆಗೆ ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ. ಮಾತುಕತೆ ಮುರಿದರೆ ಅದೇ ಹಾಳೆ ದಾವೆಯ ಕಡತ ಸೇರುತ್ತದೆ.